ಒತ್ತುವ ಪರದೆ, ಸೋಕುವ ಪರದೆ

ಕಾರ್ಖಾನೆಯ ಯಂತ್ರದ ಪರದೆಯನ್ನು ಹಲವೆಡೆ ಇಂದಿಗೂ ಒತ್ತಬೇಕು, ಮೊಬೈಲಿನದನ್ನು ಸೋಕಿದರೆ ಸಾಕು. ಹಾಗಾಗಿ ಮೊದಲನೆಯದು ಹಳೆಯ ತಂತ್ರ, ಎರಡನೆಯದು ಅದರ ಸುಧಾರಿತ ರೂಪ ಎಂಬ ನಂಬಿಕೆ ಬೇರೂರಿದೆ. ಇತಿಹಾಸ ಇದಕ್ಕೆ ತಿರುಗುಮುರುಗು. ಸೋಕುವ ಕೆಪಾಸಿಟಿವ್ ಪರದೆಯನ್ನು ಇಂಗ್ಲೆಂಡಿನ ಇ.ಎ. ಜಾನ್ಸನ್ 1965ರಲ್ಲೇ ವಿವರಿಸಿದ್ದರು. ಒತ್ತುವ ರೆಸಿಸ್ಟಿವ್ ಪರದೆ ರೂಪುಗೊಂಡದ್ದು 1970ರ ದಶಕದಲ್ಲಿ. ಇವು ಅಜ್ಜ-ಮೊಮ್ಮಗನಲ್ಲ, ಬೇರೆ ಬೇರೆ ಕಸುಬಿನವು. ರೆಸಿಸ್ಟಿವ್‌ನಲ್ಲಿ ವಿದ್ಯುತ್ ಹರಿಯುವ ಎರಡು ಪಾರದರ್ಶಕ ಪದರಗಳ ನಡುವೆ ಕೂದಲೆಳೆಯ ಅಂತರ. ಒತ್ತಿದಲ್ಲಿ ಅವು ಕೂಡುತ್ತವೆ, ಅಲ್ಲಿನ ವೋಲ್ಟೇಜು ಜಾಗವನ್ನು ತಿಳಿಸುತ್ತದೆ. ಒತ್ತಿದ್ದು ಬೆರಳೋ, ಪೆನ್ನಿನ ತುದಿಯೋ ಎಂಬುದು ಅದಕ್ಕೆ ಬೇಕಿಲ್ಲ. ಕೆಪಾಸಿಟಿವ್‌ನಲ್ಲಿ ಗಾಜಿನಡಿ ಕಾಣದಷ್ಟು ತೆಳುವಾದ ವಾಹಕಗಳ ಜಾಲವಿದೆ; ವಿದ್ಯುದ್ವಾಹಕವಾದ ನಮ್ಮ ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುತ್ ಕ್ಷೇತ್ರ ಏರುಪೇರಾಗುತ್ತದೆ, ಚಿಪ್ ಅದನ್ನು ಅಳೆಯುತ್ತದೆ.

ಹಾಗಿದ್ದರೆ ಫೋನುಗಳು ರೆಸಿಸ್ಟಿವ್ ಅನ್ನು ಬಿಟ್ಟದ್ದೇಕೆ? ಸಾಮಾನ್ಯ ರೆಸಿಸ್ಟಿವ್ ಪರದೆಗೆ ಎರಡು ಬೆರಳು ಒಟ್ಟಿಗೆ ತಿಳಿಯದು, ಪ್ಲಾಸ್ಟಿಕ್ ಮೇಲ್ಮೈ ಗೀಚಿಹೋಗುತ್ತದೆ. ನ್ಯಾಯವಾದ ಕಾರಣಗಳೇ. ಆದರೆ ಕಾರ್ಖಾನೆಯಲ್ಲಿ ಕೈಗವಸು ತೊಟ್ಟ ಬೆರಳನ್ನು ಸಾಮಾನ್ಯ ಕೆಪಾಸಿಟಿವ್ ಪರದೆ ಗುರುತಿಸದು. ಕೈಗವಸಿಗೂ ಓಗೊಡುವ ಕೆಪಾಸಿಟಿವ್ ಈಗ ಇದೆಯಲ್ಲ ಎನ್ನಬಹುದು. ಇದೆ; ಆದರೆ ಸೂಕ್ಷ್ಮತೆ ಹೆಚ್ಚಿಸಿದಷ್ಟೂ ನೀರ ಹನಿಯನ್ನೂ ಬೆರಳೆಂದು ತಿಳಿಯುವ ಅಪಾಯ ಹೆಚ್ಚು. ದಪ್ಪ ಕೈಗವಸಿನ ಕೆಲಸಗಾರನಿಗೆ ಒತ್ತುವ ಪರದೆಯೇ ವಾಸಿ. ಅಂದಹಾಗೆ, ಮಳೆಯಲ್ಲಿ ನಿಮ್ಮ ಫೋನು ಮೊಂಡು ಹಿಡಿದರೆ ಜೋರಾಗಿ ಒತ್ತಬೇಡಿ, ಒರೆಸಿ. ಅದು ಅಳೆಯುವುದು ಒತ್ತಡವನ್ನಲ್ಲ.