ಹಳೆಯ ಪೆಟ್ರೋಲ್ ಕಾರಿನ ಇಂಜಿನ್ ದೋಷಗಳನ್ನು ಗುರುತಿಸುವ ಕ್ರಮ

ಎತ್ತನ್ನು ಕೊಳ್ಳುವಾಗ ಹಲ್ಲು, ಗೊರಸುಗಳನ್ನು ಪರೀಕ್ಷಿಸುವ ಅಂತರಘಟ್ಟೆಯ ರೈತಮಹಾಶಯರು ಹಳೆಯ ಕಾರನ್ನು ಕೊಳ್ಳುವಾಗ ಹೊರಬಣ್ಣಕ್ಕೆ ಮರುಳಾಗಬಾರದು. 1983ರಿಂದ 2014ರವರೆಗೆ ತಯಾರಾದ ಮಾರುತಿ 800 ಕಾರಿನದು ಮೂರು ಸಿಲಿಂಡರುಗಳ, 796 ಸಿ.ಸಿ. ಇಂಜಿನು. ಇಂತಹ ಕಾರಿನಲ್ಲಿ ಈ ಕೆಳಗಿನ ಲಕ್ಷಣಗಳನ್ನು ನೋಡತಕ್ಕದ್ದು.

1. ಕೀಲಿ ತಿರುಗಿಸಿದಾಗ ಇಂಜಿನು ತಿರುಗದೆ ದೀಪಗಳೂ ಮಂಕಾದರೆ, ಬ್ಯಾಟರಿ ಸೋತಿದೆ ಅಥವಾ ಅದರ ತುದಿಗಳಿಗೆ ಕಿಲುಬು ಹಿಡಿದಿದೆ.

2. ಇಂಜಿನು ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿರಿ. ಅದು ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಪೆಟ್ರೋಲಿನಿಂದ ನೆನೆದಿದ್ದರೆ ಕಿಡಿಯನ್ನು ಪರೀಕ್ಷಿಸಬೇಕು.

3. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಮಿತಿಮೀರಿದೆ; ಧೂಳು ಕಟ್ಟಿದ ಏರ್ ಫಿಲ್ಟರನ್ನು ಮೊದಲು ನೋಡಿರಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗುಗಳು ಅಥವಾ ವಾಲ್ವ್ ಸೀಲುಗಳು ಸವೆದಿರಬಹುದು. ದಟ್ಟ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕೆಟ್ಟಿರುವ ಸಂಭವವುಂಟು.

4. ಕಾವಿನ ಮುಳ್ಳು ಮೇಲೇರಿದರೆ ಕೂಡಲೇ ನಿಲ್ಲಿಸಿರಿ. ಇಂಜಿನು ಆರುವವರೆಗೆ ರೇಡಿಯೇಟರಿನ ಮುಚ್ಚಳವನ್ನು ತೆಗೆಯಕೂಡದು.

ಬ್ಯಾಟರಿ, ಪ್ಲಗ್ಗು, ಫಿಲ್ಟರುಗಳ ದೋಷಕ್ಕೆ ಅಲ್ಪ ವೆಚ್ಚ ಸಾಕು. ನೀಲಿ, ಬಿಳಿ ಹೊಗೆಗಳಿಗಾದರೋ ಇಂಜಿನನ್ನೇ ಬಿಚ್ಚಬೇಕಾದೀತು. ಬೆಳೆಯ ಹಣವೆಲ್ಲ ಅದಕ್ಕೇ ಹೋದೀತು. ಆದುದರಿಂದ ತಣ್ಣಗಿರುವ ಇಂಜಿನನ್ನು ತಮ್ಮೆದುರಿನಲ್ಲಿಯೇ ಚಾಲೂ ಮಾಡಿಸಿ ನೋಡಿದ ಹೊರತು ಮುಂಗಡ ಕೊಡಬಾರದು.