ಹೆಸರು ಬಿಡಿ, ಉಸಿರು ಎಣಿಸಿ
2025ರ ಜನವರಿ 6ರಂದು ಬೆಂಗಳೂರಿನ 3 ಮತ್ತು 8 ತಿಂಗಳ ಎರಡು ಕೂಸುಗಳಿಗೆ ತಗುಲಿದ ಎಚ್‌ಎಂಪಿವಿ ಎಂಬ ಉಸಿರಾಟದ ವೈರಸ್ ಸೋಂಕು ದೇಶಕ್ಕೇ ಸುದ್ದಿಯಾಯಿತು. ಚೀನಾದಿಂದ ಬಂತೆಂದು ಗುಲ್ಲೆದ್ದಿತು. ಆದರೆ ಆ ಮಕ್ಕಳು ವಿದೇಶಕ್ಕೆ ಹೋದವರೇ ಅಲ್ಲ, ವೈರಸ್ಸೂ ಹೊಸದಲ್ಲ: 2001ರಲ್ಲೇ ನೆದರ್ಲೆಂಡ್ಸ್‌ನಲ್ಲಿ ಪತ್ತೆಯಾಗಿತ್ತು. ಹಸುಗೂಸುಗಳನ್ನು ಅದಕ್ಕಿಂತ ಹೆಚ್ಚಾಗಿ ಆಸ್ಪತ್ರೆಗೆ ಸೇರಿಸುವುದು ಅದರ ದಾಯಾದಿ ಆರ್‌ಎಸ್‌ವಿ. ಪಾಪ, ಅದಕ್ಕೆ ಬ್ರೇಕಿಂಗ್ ನ್ಯೂಸ್ ಭಾಗ್ಯವಿಲ್ಲ. ಟೆಸ್ಟ್ ಮಾಡಿಸಿದರೆ ಯಾವುದೆಂದು ಗೊತ್ತಾಗುತ್ತಲ್ಲ ಅಂತೀರಾ? ಗೊತ್ತಾಗುತ್ತೆ. ಆದರೆ ಎರಡಕ್ಕೂ ಮಾಮೂಲಿಯಾಗಿ ಕೊಡುವ ಆಂಟಿವೈರಲ್ ಇಲ್ಲ. ಆಕ್ಸಿಜನ್, ಡ್ರಿಪ್, ಆರೈಕೆಯೇ ಆಸರೆ. ಹಾಗಾಗಿ ಅಪ್ಪ-ಅಮ್ಮಂದಿರೇ, ಮಲಗಿದ ಮಗುವಿನ ಅಂಗಿ ಸರಿಸಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದವರೆಗೆ 40 ಮುಟ್ಟಿತೇ, ಪಕ್ಕೆ ಒಳಕ್ಕೆ ಸೆಳೆಯುತ್ತಿದೆಯೇ, ಹಾಲು ಬಿಟ್ಟಿದೆಯೇ? ರಿಪೋರ್ಟ್‌ಗೆ ಕಾಯದೆ ಆಸ್ಪತ್ರೆಗೆ ಹೊರಡಿ, ನಡುರಾತ್ರಿಯಾದರೂ.