ಅಳತೆಯಿಂದ ಅರಿವಿಗೆ: ರೋಬಾಟುಗಳ ಸಂವೇದಕಗಳು ಮತ್ತು ಬೆಂಗಳೂರಿನ ಹೊರವಲಯದ ಕೆಲವು ನಿದರ್ಶನಗಳು

ರೋಬಾಟ್ ಎಂದೊಡನೆ ಕೈಕಾಲುಗಳುಳ್ಳ ಲೋಹದ ಆಕೃತಿಯೊಂದು ಕಣ್ಣ ಮುಂದೆ ಬರುವುದು ಸಹಜ. ತಂತ್ರಶಾಸ್ತ್ರದ ದೃಷ್ಟಿಯಿಂದ ಆಕಾರ ಗೌಣ. ಸುತ್ತಲಿನ ಸ್ಥಿತಿಯನ್ನು ಅಳೆದು, ಆ ಅಳತೆಗೆ ತಕ್ಕಂತೆ ತನ್ನ ಕ್ರಿಯೆಯನ್ನು ಬದಲಿಸಿಕೊಳ್ಳುವ ಯಂತ್ರವನ್ನು ರೋಬಾಟ್ ಎನ್ನಬಹುದು. ಈ ಅರ್ಥದಲ್ಲಿ ಚಾಲಕನಿಲ್ಲದ ಬಂಡಿಯೂ ಚಂದ್ರನ ಮೇಲಿಳಿಯುವ ನೌಕೆಯೂ ರೋಬಾಟುಗಳೇ. ಅಳೆಯುವ ಅಂಗಕ್ಕೆ ಸಂವೇದಕ ಅಥವಾ ಸೆನ್ಸರ್ ಎಂದು ಹೆಸರು. ಸಂವೇದಕಗಳನ್ನು ಹೆಚ್ಚಿಸಿದಷ್ಟೂ ಯಂತ್ರ ಜಾಣವಾಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಬೆಂಗಳೂರಿನ ಕೈಗಾರಿಕಾ ವಲಯಗಳ ಅನುಭವವು ಅದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ಅಳತೆಗೂ ಪ್ರತಿಕ್ರಿಯೆಗೂ ನಡುವೆ ಯಂತ್ರಕ್ಕೆ ಎಷ್ಟು ಅವಕಾಶವಿದೆ ಎಂಬುದೇ ಹಲವು ವೇಳೆ ನಿರ್ಣಾಯಕವಾಗುತ್ತದೆ.

ಎಲೆಕ್ಟ್ರಾನಿಕ್ ಸಿಟಿ: ಸರಳಗೊಳಿಸಿದ ಪರಿಸರ

ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ಸಿಟಿಯಲ್ಲಿ, 2017ರ ಜುಲೈನಲ್ಲಿ ಒಂದು ಸಣ್ಣ ಪ್ರದರ್ಶನ ನಡೆಯಿತು. ಇನ್ಫೋಸಿಸ್ ಸಂಸ್ಥೆಯ ಅಂದಿನ ಮುಖ್ಯ ಕಾರ್ಯನಿರ್ವಾಹಕ ವಿಶಾಲ್ ಸಿಕ್ಕಾ ಅವರು ಚಾಲಕನಿಲ್ಲದ ಗಾಲ್ಫ್ ಬಂಡಿಯಲ್ಲಿ ಕುಳಿತು ಪತ್ರಿಕಾಗೋಷ್ಠಿಗೆ ಬಂದರು. ಬಂಡಿಯನ್ನು ಸಿದ್ಧಪಡಿಸಿದವರು ಸಂಸ್ಥೆಯ ಮೈಸೂರಿನ ತಂತ್ರಜ್ಞರು. ಅದು ಓಡಿದ್ದು ಆವರಣದ ಒಳಗೆ ಎಂಬುದು ಗಮನಾರ್ಹ. ಅಲ್ಲಿ ರಸ್ತೆಯ ಅಂಚು ಸ್ಪಷ್ಟ, ವೇಗ ಕಡಿಮೆ, ಅಡ್ಡ ಬರುವವರು ವಿರಳ. ಗೇಟಿನ ಹೊರಗಿನ ಹೊಸೂರು ರಸ್ತೆ ಬೇರೆಯೇ ಲೋಕ.

2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡ, ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಸಾಗುವ ನಮ್ಮ ಮೆಟ್ರೋ ಹಳದಿ ಮಾರ್ಗದ ರೈಲುಗಳಿಗೂ ಚಾಲಕನಿಲ್ಲದೆ ಓಡಬಲ್ಲ ವ್ಯವಸ್ಥೆಯಿದೆ. ಇಂಥ ರೈಲು ಚಕ್ರದ ಸುತ್ತುಗಳನ್ನು ಎಣಿಸಿ ತಾನು ಕ್ರಮಿಸಿದ ದೂರವನ್ನು ಲೆಕ್ಕ ಹಾಕುತ್ತದೆ. ಹಳಿಯ ಬದಿಯ ಗುರುತು-ಸಾಧನಗಳನ್ನು ದಾಟುವಾಗ ಆ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ರೇಡಿಯೋ ಮೂಲಕ ಅದನ್ನು ನಿಯಂತ್ರಣ ಕೇಂದ್ರಕ್ಕೆ ತಿಳಿಸುತ್ತದೆ. ದನ, ಆಟೋ, ಪಾದಚಾರಿ, ಮಳೆನೀರು ನಿಂತ ಗುಂಡಿ ಇವೆಲ್ಲವನ್ನೂ ಎತ್ತರಿಸಿದ ಮಾರ್ಗವೇ ನಿವಾರಿಸಿದೆ. ಎರಡೂ ಕಡೆ ತಂತ್ರಜ್ಞರು ಯಂತ್ರದ ಕಣ್ಣನ್ನು ಸುಧಾರಿಸಿದ್ದಕ್ಕಿಂತ ಹೆಚ್ಚಾಗಿ ಅದು ನೋಡಬೇಕಾದ ಜಗತ್ತನ್ನು ಸರಳಗೊಳಿಸಿದ್ದಾರೆ. ಇದನ್ನು ಕೊರತೆಯೆಂದು ತಿಳಿಯಬೇಕಾಗಿಲ್ಲ. ಕಾರ್ಖಾನೆಯ ರೋಬಾಟುಗಳ ಸುತ್ತ ಬೇಲಿ ಹಾಕುವುದೂ ಇದೇ ವಿವೇಕ.

ಎರಡು ಬಗೆಯ ಸಂವೇದಕಗಳು

ಚಕ್ರದ ಸುತ್ತನ್ನು ಎಣಿಸುವಂಥವು ಆಂತರಿಕ ಸಂವೇದಕಗಳು. ವೇಗೋತ್ಕರ್ಷಮಾಪಕ, ಗೈರೋಸ್ಕೋಪು ಇದೇ ಗುಂಪಿನವು. ಇವು ಯಂತ್ರಕ್ಕೆ ಅದರ ಸ್ವಂತ ಚಲನೆಯನ್ನಷ್ಟೇ ತಿಳಿಸುತ್ತವೆ. ಇವುಗಳ ದೊಡ್ಡ ದೋಷವೆಂದರೆ ತಪ್ಪು ಕೂಡುತ್ತಾ ಹೋಗುವುದು. ವೇಗೋತ್ಕರ್ಷದ ಅಳತೆಯಲ್ಲಿ ಸೆಕೆಂಡಿನ ವರ್ಗಕ್ಕೆ ಕೇವಲ 1 ಸೆಂಟಿಮೀಟರಿನಷ್ಟು ಸ್ಥಿರ ದೋಷವಿದ್ದರೂ, 100 ಸೆಕೆಂಡುಗಳಲ್ಲಿ ವೇಗದ ಲೆಕ್ಕ ಸೆಕೆಂಡಿಗೆ 1 ಮೀಟರ್, ಸ್ಥಾನದ ಲೆಕ್ಕ 50 ಮೀಟರ್ ತಪ್ಪುತ್ತದೆ.

ಹೊರಗನ್ನು ಅಳೆಯುವ ಬಾಹ್ಯ ಸಂವೇದಕಗಳು ಈ ತಪ್ಪನ್ನು ತಿದ್ದುತ್ತವೆ. ಶ್ರವಣಾತೀತ ಶಬ್ದವನ್ನು ಕಳುಹಿಸಿ ಪ್ರತಿಧ್ವನಿಗೆ ಕಾಯುವ ಸಾಧನವು, ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಪ್ರತಿಧ್ವನಿ ಮರಳಿದರೆ ಅಡೆತಡೆ ಸುಮಾರು 1.7 ಮೀಟರ್ ದೂರದಲ್ಲಿದೆ ಎಂದು ಎಣಿಸುತ್ತದೆ. ಲೇಸರ್ ಬೆಳಕಿನಿಂದ ಅಳೆಯುವಲ್ಲಿ ಒಂದು ನ್ಯಾನೊಸೆಕೆಂಡಿನ ವ್ಯತ್ಯಾಸವೆಂದರೆ 15 ಸೆಂಟಿಮೀಟರ್. ಜೋಡಿ ಕ್ಯಾಮೆರಾಗಳು ನಮ್ಮ ಎರಡು ಕಣ್ಣುಗಳಂತೆ, ಒಂದೇ ವಸ್ತು ಎರಡು ಚಿತ್ರಗಳಲ್ಲಿ ಎಷ್ಟು ಸರಿದು ಕಾಣುತ್ತದೆ ಎಂಬುದರಿಂದ ದೂರವನ್ನು ತಿಳಿಯುತ್ತವೆ. ದೂರ ಇಮ್ಮಡಿಯಾದರೆ ಈ ವಿಧಾನದ ದೋಷ ಸುಮಾರು ನಾಲ್ಮಡಿಯಾಗುತ್ತದೆ. ಆದುದರಿಂದ ಜೋಡಿ ಕ್ಯಾಮೆರಾಕ್ಕೆ ದೃಷ್ಟಿಯ ಎಲ್ಲೆಯೊಂದು ಇದ್ದೇ ಇರುತ್ತದೆ.

ಪೀಣ್ಯದಿಂದ ಚಂದ್ರನವರೆಗೆ

ಪರಿಸರವನ್ನು ಸರಳಗೊಳಿಸುವ ಅವಕಾಶವೇ ಇಲ್ಲದ ಕಡೆ ಏನಾಗುತ್ತದೆ? ಇದಕ್ಕೆ ಉತ್ತರವನ್ನು ನಗರದ ಇನ್ನೊಂದು ಅಂಚಿನ ಪೀಣ್ಯದಲ್ಲಿ ಹುಡುಕಬೇಕು. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹವು ನಿರ್ಮಾಣಗೊಂಡ ಸ್ಥಳದಲ್ಲಿ ಇಂದು ಇಸ್ರೋದ ಎಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಾಲಯ, ಅಂದರೆ ಲಿಯೋಸ್, ಇದೆ. ಚಂದ್ರಯಾನ-3ರ ವಿಕ್ರಮ್ ನೌಕೆಯ ಅಡ್ಡವೇಗವನ್ನು ಅಳೆಯುವ ಕ್ಯಾಮೆರಾ, ಪ್ರಜ್ಞಾನ್ ರೋವರಿನ ದಾರಿ ನೋಡುವ ಕ್ಯಾಮೆರಾಗಳು ಇಲ್ಲಿ ಸಿದ್ಧವಾದವು. ಆ ನೌಕೆಗೆ ಆದೇಶಗಳನ್ನು ಕಳುಹಿಸಿದ ಇಸ್ಟ್ರಾಕ್ ಕೇಂದ್ರವೂ ಪೀಣ್ಯದಲ್ಲಿಯೇ ಇದೆ.

ಚಂದ್ರಯಾನ-2ರ ನೌಕೆಯಲ್ಲಿ ಸಂವೇದಕಗಳಿರಲಿಲ್ಲವೆಂದಲ್ಲ. 2019ರ ಸೆಪ್ಟೆಂಬರ್ 7ರಂದು ಅದು ನೆಲಕ್ಕೆ ಅಪ್ಪಳಿಸಿದ ಕಾರಣಗಳನ್ನು ಇಸ್ರೋದ ಅಂದಿನ ಅಧ್ಯಕ್ಷ ಎಸ್. ಸೋಮನಾಥ್ ಅವರು 2023ರ ಜುಲೈನಲ್ಲಿ ವಿವರಿಸಿದರು. ಐದು ಎಂಜಿನುಗಳು ನಿರೀಕ್ಷೆಗಿಂತ ಹೆಚ್ಚು ನೂಕುಬಲ ನೀಡಿದವು. ಆ ಹೊತ್ತಿನಲ್ಲಿ ಕ್ಯಾಮೆರಾಗಳು ಚಿತ್ರ ತೆಗೆಯಲೆಂದು ನೌಕೆ ಅಲುಗಾಡದೆ ಸಾಗಬೇಕಿತ್ತು. ಆದ್ದರಿಂದ ದೋಷಗಳು ಒಟ್ಟುಗೂಡಿದವು. ತಿದ್ದುವ ಸರದಿ ಬಂದಾಗ ಬೇಗನೆ ತಿರುಗಬೇಕಾಯಿತು, ಆದರೆ ತಿರುಗುವ ವೇಗಕ್ಕೆ ತಂತ್ರಾಂಶವೇ ಮಿತಿ ಹಾಕಿತ್ತು. ಇಳಿಯಬೇಕಾದ ಜಾಗವೂ 500 ಮೀಟರ್ ಉದ್ದಗಲದ ಚಿಕ್ಕ ಚೌಕ. ನೋಡುವುದಕ್ಕಾಗಿಯೇ ಪ್ರತಿಕ್ರಿಯೆಯನ್ನು ತಡೆಹಿಡಿದದ್ದು ಇಲ್ಲಿಯ ವಿಪರ್ಯಾಸ ಎಂದು ಈ ಲೇಖಕನಿಗೆ ತೋರುತ್ತದೆ.

ಚಂದ್ರಯಾನ-3ರಲ್ಲಿ ಹೊಸ ಸಂವೇದಕವೂ ಬಂತು. ಲೇಸರ್ ಡಾಪ್ಲರ್ ವೇಗಮಾಪಕವು ನೆಲದಿಂದ ಮರಳಿದ ಬೆಳಕಿನ ಆವೃತ್ತಿಯ ಬದಲಾವಣೆಯಿಂದ ವೇಗವನ್ನು ನೇರವಾಗಿ ಅಳೆಯುತ್ತದೆ. ಹೀಗಾಗಿ ಕೂಡುತ್ತಾ ಹೋಗುವ ದೋಷಕ್ಕೆ ಕಡಿವಾಣ ಬೀಳುತ್ತದೆ. ಸ್ಥಾನಶೋಧಕ ಕ್ಯಾಮೆರಾ ಕೆಳಗಿನ ನೆಲವನ್ನು ಸಂಗ್ರಹಿಸಿಟ್ಟ ನಕ್ಷೆಯೊಡನೆ ಹೋಲಿಸಿತು. ಆದರೆ ಅಷ್ಟೇ ಮಹತ್ವದ ಬದಲಾವಣೆಗಳು ಸಂವೇದಕಗಳಿಗೆ ಸಂಬಂಧಿಸಿದವಲ್ಲ: ಇಳಿಯುವ ಪ್ರದೇಶವನ್ನು ಹಲವು ಕಿಲೋಮೀಟರ್ ಉದ್ದಗಲಕ್ಕೆ ಹಿಗ್ಗಿಸಲಾಯಿತು, ಇಂಧನ ಹೆಚ್ಚಿಸಲಾಯಿತು, ಕಾಲುಗಳನ್ನು ಬಲಪಡಿಸಲಾಯಿತು. ಅಳತೆ ತಪ್ಪಿದರೂ ಪ್ರತಿಕ್ರಿಯಿಸಲು ಯಂತ್ರಕ್ಕೆ ಎಡೆಯಿರಲಿ ಎಂಬುದೇ ಇವುಗಳ ಉದ್ದೇಶ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ನೌಕೆ ಸುರಕ್ಷಿತವಾಗಿ ಇಳಿಯಿತು. ಕೊನೆಯ ಸುಮಾರು 20 ನಿಮಿಷ ಪೀಣ್ಯದಲ್ಲಿದ್ದವರು ಕೇವಲ ಪ್ರೇಕ್ಷಕರು.

ರೋವರಿನ ವಿಷಯದಲ್ಲಿ ಪರಿಸ್ಥಿತಿ ತಲೆಕೆಳಗು. ಸೆಕೆಂಡಿಗೆ ಸುಮಾರು 1 ಸೆಂಟಿಮೀಟರ್ ಚಲಿಸುವ, 26 ಕಿಲೋಗ್ರಾಂ ತೂಕದ ಪ್ರಜ್ಞಾನಿಗೆ ಅವಸರವಿಲ್ಲ. ಅದರ ಜೋಡಿ ಕ್ಯಾಮೆರಾಗಳ ಚಿತ್ರಗಳು ವಿಕ್ರಮ್ ಮೂಲಕ ಭೂಮಿಗೆ ಬಂದು, ಅವುಗಳಿಂದ ನೆಲದ ಏರುತಗ್ಗಿನ ಮಾದರಿ ತಯಾರಾಗಿ, ತಜ್ಞರು ದಾರಿ ನಿಶ್ಚಯಿಸಿ ಆದೇಶ ಕಳುಹಿಸಬೇಕಿತ್ತು. ಕ್ಯಾಮೆರಾಗಳ ನೋಟ ಸುಮಾರು 5 ಮೀಟರಿನವರೆಗೆ ಮಾತ್ರ. ಆದ್ದರಿಂದ ಒಂದು ಆದೇಶಕ್ಕೆ ಅದು ಗರಿಷ್ಠ 5 ಮೀಟರ್ ನಡೆಯುತ್ತಿತ್ತು. ಆಗಸ್ಟ್ 27ರಂದು 3 ಮೀಟರ್ ಮುಂದೆ 4 ಮೀಟರ್ ವ್ಯಾಸದ ಕುಳಿಯೊಂದು ಕಂಡಿತು. ಹಿಂದಿರುಗುವ ಆದೇಶ ಹೋಯಿತು, ರೋವರು ಬೇರೆ ದಾರಿ ಹಿಡಿಯಿತು. ಇಲ್ಲಿ ಕಂಡದ್ದು ಯಂತ್ರ, ಅರ್ಥೈಸಿದವರು ಭೂಮಿಯ ಮೇಲಿದ್ದವರು. ಸೆಪ್ಟೆಂಬರ್ 2ರ ಹೊತ್ತಿಗೆ ಹೀಗೆ 100 ಮೀಟರಿಗಿಂತ ತುಸು ಹೆಚ್ಚು ದೂರ ಕ್ರಮಿಸಲಾಗಿತ್ತು.

ಮತ್ತೆ ರಸ್ತೆಗೆ

ಈ ನಿದಾನ ಹೊಸೂರು ರಸ್ತೆಯಲ್ಲಿ ಸಲ್ಲದು. ಗಂಟೆಗೆ 40 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ 11 ಮೀಟರ್ ಸಾಗುತ್ತದೆ. ಅಷ್ಟರಲ್ಲಿ ಅಳತೆ, ಅರ್ಥೈಸುವಿಕೆ, ತೀರ್ಮಾನ ಮೂರೂ ವಾಹನದೊಳಗೇ ಮುಗಿಯಬೇಕು. ಅರ್ಥೈಸುವುದನ್ನು ಗಣಕಕ್ಕೆ ಕಲಿಸಲೆಂದು ಹೈದರಾಬಾದಿನ ಐಐಐಟಿ ಮತ್ತು ಇಂಟೆಲ್ ಸಂಸ್ಥೆಗಳು ಹೈದರಾಬಾದ್ ಹಾಗೂ ಬೆಂಗಳೂರಿನ ರಸ್ತೆಗಳ ಸುಮಾರು 10,000 ಚಿತ್ರಗಳನ್ನು 34 ವರ್ಗಗಳಲ್ಲಿ ಗುರುತಿಸಿ, 2018ರಲ್ಲಿ ಪ್ರಕಟಿಸಿದವು. ಪಾಶ್ಚಾತ್ಯ ಚಿತ್ರಸಂಗ್ರಹಗಳಲ್ಲಿ ಸಿಗದ ಆಟೋರಿಕ್ಷಾಕ್ಕೆ ಅದರಲ್ಲಿ ಸ್ವಂತ ವರ್ಗವಿದೆ. ರಸ್ತೆಯಲ್ಲದಿದ್ದರೂ ಅನಿವಾರ್ಯವಾದಾಗ ವಾಹನ ಇಳಿಸಬಹುದಾದ ಮಣ್ಣಿನ ಅಂಚಿಗೂ ಅಲ್ಲೊಂದು ವರ್ಗ ಉಂಟು. ಅಪಾಯ ಎದುರಾದಾಗ ಯಂತ್ರಕ್ಕೆ ಸರಿಯಲು ಎಡೆ ಎಲ್ಲಿದೆ ಎಂಬ ಪ್ರಶ್ನೆಯನ್ನು ಆ ವರ್ಗವು ಚಿತ್ರದ ಮಟ್ಟದಲ್ಲಿಯೇ ದಾಖಲಿಸುತ್ತದೆ.